ನೆನಪುಳ್ಳ ತಂತಿಯೂ ನಮ್ಮ ಕಬ್ಬಿಣದ ಕೊಳವೆಯೂ

ಕನ್ನಡ ಮೇಷ್ಟರಿಗೆ ವಿಜ್ಞಾನದ ಕೊಠಡಿಯಲ್ಲಿ ಏನು ಕೆಲಸ ಎಂದು ಕೇಳುವವರು ನಮ್ಮ ಶಾಲೆಯಲ್ಲಿಯೂ ಉಂಟು. ಇಪ್ಪತ್ತು ವರ್ಷಗಳಿಂದ ಷಟ್ಪದಿಗೆ ಪ್ರಸ್ತಾರ ಹಾಕಿಸುತ್ತ, ಸಂಧಿ ಸಮಾಸಗಳನ್ನು ಬಿಡಿಸುತ್ತ ಬಂದವನು ನಾನು. ಕಳೆದ ವರ್ಷ ವಿಜ್ಞಾನದ ಮೇಷ್ಟರು ತರಬೇತಿಗೆಂದು ಮೂರು ವಾರ ಹೊರಗೆ ಹೋಗಬೇಕಾಗಿ ಬಂತು. ಅದೇ ಸಮಯಕ್ಕೆ ವಸ್ತುಪ್ರದರ್ಶನವೂ ಹತ್ತಿರವಾಗಿತ್ತು. ಮಕ್ಕಳನ್ನು ನೋಡಿಕೊಳ್ಳುವ ಭಾರ ನನ್ನ ಪಾಲಿಗೆ ಬಂದದ್ದಕ್ಕೆ ದೊಡ್ಡ ಕಾರಣವೇನೂ ಇಲ್ಲ; ಶಾಲೆಗೆ ಹತ್ತು ಹೆಜ್ಜೆ ದೂರದಲ್ಲಿ ಮನೆಯಿದ್ದು, ಸಂಜೆಯ ಬಸ್ಸಿನ ಚಿಂತೆ ಇಲ್ಲದವನು ನಾನೊಬ್ಬನೇ.

ಪ್ರಯೋಗ ಒಂದು ತಂತಿಯದು. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ, ಈಗ ಇಂಜಿನಿಯರಿಂಗ್ ಕಾಲೇಜೊಂದರ ಪ್ರಯೋಗಶಾಲೆಯಲ್ಲಿರುವವನು, ಒಂದು ಗಜಕ್ಕೂ ಕಡಿಮೆ ಉದ್ದದ ತಂತಿಯನ್ನು ಕಾಗದದಲ್ಲಿ ಸುತ್ತಿ ತಂದು ಕೊಟ್ಟಿದ್ದ. ಕಾಲು ಮಿಲಿಮೀಟರ್ ದಪ್ಪ. ನೋಡಿದರೆ ಸಾಮಾನ್ಯ ಉಕ್ಕಿನ ತಂತಿಯಂತೆಯೇ. ಅದನ್ನು ಬೆರಳಿಗೆ ಸುತ್ತಿ ಸುರುಳಿ ಮಾಡಿ ಕುದಿಯುವ ನೀರಿಗೆ ಹಾಕಿದ. ಸುರುಳಿ ಒಂದು ಸಲ ಮಿಡುಕಿ ನೆಟ್ಟಗೆ ಸರಳಿನಂತೆ ನಿಂತಿತು! ಮಕ್ಕಳು ಹೋ ಎಂದರು. ನಾನೂ ಎಂದೆನೆಂದು ಕಾಣುತ್ತದೆ.

ಇದರಲ್ಲಿ ನಿಕ್ಕಲ್ ಮತ್ತು ಟೈಟೇನಿಯಂ ಎಂಬ ಎರಡು ಲೋಹಗಳ ಪರಮಾಣುಗಳು ಹೆಚ್ಚುಕಡಿಮೆ ಸಮಸಮವಾಗಿ ಕೂಡಿವೆ. ಹೆಸರು ನಿಟಿನಾಲ್. 1959ರಲ್ಲಿ ಅಮೆರಿಕದ ಮೇರಿಲ್ಯಾಂಡಿನಲ್ಲಿದ್ದ ನೌಕಾಪಡೆಯ ಶಸ್ತ್ರಾಸ್ತ್ರ ಪ್ರಯೋಗಶಾಲೆಯಲ್ಲಿ ವಿಲಿಯಂ ಬ್ಯೂಲರ್ ಎಂಬಾತ ಕ್ಷಿಪಣಿಯ ಮೂತಿಗೆ ತಕ್ಕ ಲೋಹವನ್ನು ಹುಡುಕುತ್ತಿದ್ದ. ತಾನು ಎರಕ ಹೊಯ್ದ ಸರಳುಗಳನ್ನು ನೆಲದ ಮೇಲೆ ಬೀಳಿಸಿದಾಗ ತಣ್ಣಗಿದ್ದದ್ದು ಸೀಸದಂತೆ 'ದಡ್' ಎಂದಿತಂತೆ, ಬಿಸಿಯಾಗಿದ್ದದ್ದು ಗಂಟೆಯಂತೆ ಮೊಳಗಿತಂತೆ. ಅದಾದ ಒಂದೆರಡು ವರ್ಷಕ್ಕೆ, ಮಡಿಕೆ ಮಡಿಕೆಯಾಗಿ ಮಡಿಸಿದ ಇದರ ಒಂದು ಪಟ್ಟಿಯನ್ನು ಸಭೆಯಲ್ಲಿ ಕೈಯಿಂದ ಕೈಗೆ ದಾಟಿಸುತ್ತಿದ್ದಾಗ ಡೇವಿಡ್ ಮಝಿ ಎಂಬ ಅಧಿಕಾರಿ ತನ್ನ ಚುಂಗಾಣಿಯ ಲೈಟರನ್ನು ಅದಕ್ಕೆ ಹಿಡಿದ; ಪಟ್ಟಿ ತಾನಾಗಿ ಬಿಚ್ಚಿಕೊಂಡು ನೆಟ್ಟಗಾಯಿತು. ಇಂಥ ಗುಣ ಚಿನ್ನ ಮತ್ತು ಕ್ಯಾಡ್ಮಿಯಂ ಬೆರಕೆಯಲ್ಲಿ ಉಂಟೆಂಬ ಸುಳಿವು ಸ್ವೀಡನ್ನಿನ ಆರ್ನೆ ಓಲಾಂಡರನಿಗೆ 1932ರಲ್ಲಿಯೇ ಸಿಕ್ಕಿತ್ತು. ಆದರೆ ಚಿನ್ನದ ತಂತಿಯನ್ನು ಕುದಿಸಿ ನೋಡುವ ಶಕ್ತಿ ಎಷ್ಟು ಜನಕ್ಕಿದ್ದೀತು?

ಹುಡುಗರು ಇದನ್ನು ವಸ್ತುಪ್ರದರ್ಶನದಲ್ಲಿ ಹಾಗೆಯೇ ತೋರಿಸಿಬಿಡೋಣ ಎಂದರು. ಬಿಸಿನೀರು, ಸುರುಳಿ, ಚಪ್ಪಾಳೆ. ವಿಜ್ಞಾನದ ಮೇಷ್ಟರು ಹೊರಡುವ ಮುಂಚೆ ಒಂದೇ ಮಾತು ಹೇಳಿದರು: "ಚಮತ್ಕಾರ ಜಾತ್ರೆಯಲ್ಲಿ ನೋಡೋಣ. ಎಷ್ಟು ಬಿಸಿಗೆ ಎಷ್ಟು ಎಳೆದುಕೊಳ್ಳುತ್ತದೆ ಅನ್ನುವುದನ್ನು ಅಳೆದು ತೋರಿಸಿ." ಅಳೆಯುವುದಕ್ಕೆ ಉಪಕರಣ ಬೇಕು. ಆ ಉಪಕರಣವನ್ನು ಕಟ್ಟಿದ ಕಥೆಯನ್ನೇ ನಾನು ಇಲ್ಲಿ ಬರೆಯಹೊರಟದ್ದು.

ನಮಗೆ ಬೇಕಾದದ್ದು ಇಷ್ಟು: ಅರ್ಧ ಮೀಟರ್ ತಂತಿ ನೆಟ್ಟಗೆ ನಿಲ್ಲಬೇಕು, ಅದಕ್ಕೆ ಅರ್ಧ ಕಿಲೋ ಭಾರದ ಎಳೆತವಿರಬೇಕು, ಅದರ ಸುತ್ತ ನೀರು ನಿಧಾನವಾಗಿ ಬಿಸಿಯಾಗಬೇಕು, ಬುಡದಿಂದ ತುದಿಯವರೆಗೆ ಒಂದೇ ಬಿಸಿ ಇರಬೇಕು. ಕೊನೆಯ ಮಾತೇ ಕಷ್ಟದ್ದು ಎಂದು ಆಗ ನಮಗೆ ಗೊತ್ತಿರಲಿಲ್ಲ.

ಕೊಯಮತ್ತೂರಿನಲ್ಲಿ ಇರುವವರಿಗೆ ಒಂದು ಭಾಗ್ಯವಿದೆ. ಏನನ್ನು ಮಾಡಬೇಕೆಂದರೂ ಅದನ್ನು ಮಾಡುವ ಕೈ ಮುಂದಿನ ಬೀದಿಯಲ್ಲಿರುತ್ತದೆ. 1930ರ ದಶಕದಲ್ಲಿ ಪೈಕಾರದ ಜಲವಿದ್ಯುತ್ತು ಬಂದ ಮೇಲೆ ಇಲ್ಲಿ ಹತ್ತಿ ಗಿರಣಿಗಳು ಹೆಚ್ಚಿದವು. ಗಿರಣಿಗಳ ಹಿಂದೆಯೇ ಎರಕದ ಮನೆ, ಲೇತ್ ಪಟ್ಟಡೆ, ಪಂಪು, ಮೋಟಾರು. ಜಿ.ಡಿ. ನಾಯ್ಡು ಅವರೂ ಡಿ. ಬಾಲಸುಂದರಂ ನಾಯ್ಡು ಅವರೂ ಸೇರಿ ವಿದ್ಯುತ್ ಮೋಟಾರನ್ನು ಇಲ್ಲಿಯೇ ಮಾಡಿದ್ದು 1937ರಲ್ಲಿ. ನಮ್ಮ ಮಕ್ಕಳಲ್ಲಿ ಅನೇಕರ ತಂದೆಯರು ಮಗ್ಗದ ಮನೆತನದವರಾದರೂ ಈಗ ಮೋಟಾರು ಪಂಪುಗಳ ಕೆಲಸದಲ್ಲಿದ್ದಾರೆ. ಮನೆಯಲ್ಲಿ ಕನ್ನಡ, ಪಟ್ಟಡೆಯಲ್ಲಿ ತಮಿಳು. ಉಪಕರಣದ ಬಿಡಿಭಾಗಗಳಿಗೆಲ್ಲ ಇಂಗ್ಲಿಷು.

ಎರಡು ಅಂಗುಲದ ಕಬ್ಬಿಣದ ನೀರಿನ ಕೊಳವೆ, ಅರವತ್ತು ಸೆಂಟಿಮೀಟರ್ ಉದ್ದದ್ದು, ಹಳೆಯ ಸಾಮಾನಿನ ಅಂಗಡಿಯಲ್ಲಿ ತೂಕಕ್ಕೆ ಸಿಕ್ಕಿತು. ಅದರ ಬುಡಕ್ಕೆ ಮುಚ್ಚಳ ತಿರುಗಿಸಿ, ಮುಚ್ಚಳದ ಒಳಗೆ ತಂತಿಯನ್ನು ಕಟ್ಟುವ ಕೊಕ್ಕೆಯನ್ನು ಲೇತಿನವರು ಹಾಕಿಕೊಟ್ಟರು. ಕೊಳವೆಯನ್ನು ಹಲಗೆಯ ಮೇಲೆ ನಿಲ್ಲಿಸಿ ಪಕ್ಕಕ್ಕೆ ಮರದ ಕಂಬ ನೆಟ್ಟು, ಕಂಬದ ತಲೆಗೆ ಒಂದು ರಾಟೆ ಕೂರಿಸಿದೆವು. ರಾಟೆಯೆಂದರೆ ಹಳೆಯ ಮೋಟಾರಿನ ಬೇರಿಂಗಿಗೆ ಹಾಕಿದ ಮರದ ಚಕ್ರ. ತಂತಿಯ ಮೇಲಿನ ತುದಿಗೆ ಸೈಕಲ್ ಬ್ರೇಕಿನ ಕೇಬಲ್ಲಿನಿಂದ ಬಿಡಿಸಿದ ಒಂದು ಎಳೆ. ಅದು ರಾಟೆಯ ಮೇಲೆ ಹಾಯ್ದು ಆಚೆ ಬದಿಯಲ್ಲಿ ಐನೂರು ಗ್ರಾಂ ತೂಕದ ಕಲ್ಲನ್ನು ಹೊತ್ತಿತ್ತು. ರಾಟೆಗೆ ಉದ್ದವಾದ ಮುಳ್ಳು. ತಂತಿ ಒಂದು ಮಿಲಿಮೀಟರ್ ಎಳೆದುಕೊಂಡರೆ ಮುಳ್ಳಿನ ತುದಿ ಹತ್ತು ಮಿಲಿಮೀಟರ್ ಓಡುವಂತೆ ಅಳತೆ ಮಾಡಿಕೊಂಡಿದ್ದೆವು.

ಬಿಸಿ ಮಾಡುವ ಏರ್ಪಾಡನ್ನು ಮೋಟಾರು ವೈಂಡಿಂಗ್ ಅಂಗಡಿಯ ಅಣ್ಣನೊಬ್ಬ ಕಲಿಸಿಕೊಟ್ಟ. ನಾವು ನೀರು ಕಾಯಿಸುವ ರಾಡನ್ನೇ ಇಳಿಬಿಡೋಣ ಎಂದಿದ್ದೆವು. "ವಾತ್ತಿಯಾರೇ, ಮಕ್ಕಳ ಕೈ ಕಬ್ಬಿಣದ ಮೇಲಿರುತ್ತದೆ, ನೀರಿನಲ್ಲಿರುತ್ತದೆ. ಮನೆ ಕರೆಂಟನ್ನು ಅದರ ಹತ್ತಿರ ತರಬೇಡಿ" ಎಂದು ತಮಿಳಿನಲ್ಲಿ ಗದರಿಸಿದ. ಕೊಳವೆಗೆ ಗಾಜಿನ ನಾರಿನ ಪಟ್ಟಿ ಸುತ್ತಿ, ಅದರ ಮೇಲೆ ನೈಕ್ರೋಮ್ ತಂತಿ ಸುತ್ತಿ, ಮತ್ತೆ ಪಟ್ಟಿ ಸುತ್ತಿ ಕೊಟ್ಟವನು ಅವನೇ. ಇಪ್ಪತ್ತನಾಲ್ಕು ವೋಲ್ಟಿನ ಟ್ರಾನ್ಸ್‌ಫಾರ್ಮರು, ಆರು ಆಂಪಿಯರ್ ಕರೆಂಟು. ಲೆಕ್ಕ ಹಾಕಿದರೆ ನೂರ ನಲವತ್ತನಾಲ್ಕು ವ್ಯಾಟ್. ಕೊಳವೆಯಲ್ಲಿ ಹಿಡಿಯುವ ಒಂದೂಕಾಲು ಲೀಟರ್ ನೀರು ಎಂಬತ್ತೈದು ಡಿಗ್ರಿಗೆ ಬರಲು ಒಂದು ಗಂಟೆ ಬೇಕು. ನಿಧಾನವೇ ನಮಗೂ ಬೇಕಾಗಿದ್ದದ್ದು.

ತಂತಿಯನ್ನು ಕಟ್ಟುವುದು ಇನ್ನೊಂದು ಪಾಡಾಯಿತು. ಬೆಸುಗೆ ಹಿಡಿಯುವುದಿಲ್ಲ, ಮೇಲಿನ ಟೈಟೇನಿಯಂ ತುಕ್ಕು ಸೀಸವನ್ನು ಅಂಟಗೊಡುವುದಿಲ್ಲ. ಗಂಟು ಹಾಕಿದರೆ ಬಿಸಿಯಾದಾಗ ಗಂಟೇ ಬಿಚ್ಚಿಕೊಳ್ಳಲು ನೋಡುತ್ತದೆ. ಅದರ ನೆನಪಿನಲ್ಲಿ ಗಂಟು ಇಲ್ಲವಷ್ಟೆ. ಕೊನೆಗೆ ವಿದ್ಯುತ್ ಕನೆಕ್ಟರಿನ ಒಳಗಿನ ಹಿತ್ತಾಳೆಯ ತುಂಡನ್ನು ತೆಗೆದು, ಅದರ ಎರಡು ತಿರುಪಿನ ನಡುವೆ ತಂತಿಯನ್ನು ಬಿಗಿದೆವು. ತಂತಿ ಜಾರಿದರೆ ತಿಳಿಯಲೆಂದು ಹಿತ್ತಾಳೆಯ ಅಂಚಿನಲ್ಲಿ ಉಗುರಿಗೆ ಹಚ್ಚುವ ಬಣ್ಣದ ಚುಕ್ಕೆ ಇಟ್ಟವಳು ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ. ಮುಂದೆ ಇವಳ ಮಾತೇ ಹೆಚ್ಚಾಗಿ ಬರುವುದರಿಂದ ಇಲ್ಲಿಯೇ ಹೇಳಿಬಿಡುತ್ತೇನೆ: ತಂದೆ ಮಗ್ಗದವರು, ಹುಡುಗಿ ಮಾತು ಕಡಿಮೆ, ಅಕ್ಷರ ದುಂಡಗೆ.

ತಾಪಮಾಪಕಗಳು ಮೂರು, ತುದಿಗೆ ಉದ್ದನೆಯ ತಂತಿಯಿರುವ ಡಿಜಿಟಲ್ ಮಾದರಿಯವು. ಮೇಲೆ, ನಡುವೆ, ಬುಡದಲ್ಲಿ ಒಂದೊಂದನ್ನು ಇಳಿಬಿಟ್ಟೆವು. ಮೊದಲು ಅವನ್ನು ಪರೀಕ್ಷಿಸಬೇಕಲ್ಲ? ಕುದಿಯುವ ನೀರಿನಲ್ಲಿಟ್ಟಾಗ ಮೂರೂ ತೊಂಬತ್ತೆಂಟೂವರೆಯ ಸುತ್ತಲೇ ನಿಂತವು. ನೂರು ಬರಲಿಲ್ಲವೆಂದು ಹುಡುಗರು ಅಂಗಡಿಯವನನ್ನು ಬೈಯಲು ಹೊರಟರು. ಅಂಗಡಿಯವನದು ತಪ್ಪಲ್ಲ. ನಮ್ಮೂರು ಸಮುದ್ರಮಟ್ಟಕ್ಕಿಂತ ನಾನೂರು ಮೀಟರಿಗೂ ಸ್ವಲ್ಪ ಎತ್ತರದಲ್ಲಿದೆ. ಇಲ್ಲಿ ನೀರು ಕುದಿಯುವುದೇ ಆ ಬಿಸಿಗೆ. ಊಟಿಗೆ ಹೋದರೆ ಇನ್ನೂ ಕಡಿಮೆ. ಪುಸ್ತಕದ ನೂರು ಡಿಗ್ರಿ ಸಮುದ್ರತೀರದ ನೂರು.

ನೀರು ಬಿಸಿಯಾಗತೊಡಗಿದ ಮೇಲೆ ಕೊಳವೆಯ ಮೇಲುಭಾಗಕ್ಕೂ ಬುಡಕ್ಕೂ ಎಂಟು ಹತ್ತು ಡಿಗ್ರಿ ವ್ಯತ್ಯಾಸ ಕಂಡಿತು. ಬಿಸಿನೀರು ಮೇಲೇರುತ್ತದೆ ಎಂದು ಆರನೆಯ ತರಗತಿಯಲ್ಲಿಯೇ ಓದಿದ್ದರೂ, ಅದು ನಮ್ಮ ಕೆಲಸಕ್ಕೆ ಅಡ್ಡ ಬಂದೀತೆಂದು ಯಾರೂ ಎಣಿಸಿರಲಿಲ್ಲ. ಒಂದೇ ತಂತಿಯ ತಲೆ ಒಂದು ಬಿಸಿಯಲ್ಲಿ, ಕಾಲು ಒಂದು ಬಿಸಿಯಲ್ಲಿ ಇದ್ದರೆ ಅಳೆದದ್ದಕ್ಕೆ ಅರ್ಥವೇನು? ಕಲಕಬೇಕು. ಇಕ್ಕಟ್ಟಾದ ಕೊಳವೆಯಲ್ಲಿ, ನಡುವೆ ತಂತಿ ನಿಂತಿರುವಾಗ ಚಮಚ ಆಡುವುದಿಲ್ಲ. ಏಳನೆಯ ತರಗತಿಯ ಚಿಕ್ಕ ಹುಡುಗನೊಬ್ಬ ಮನೆಯಿಂದ ತನ್ನ ತಂಗಿಯ ಹಿತ್ತಾಳೆಯ ಬಳೆಯೊಂದನ್ನು ತಂದ. ಅದನ್ನು ಅಡ್ಡವಾಗಿ ಒಂದು ಕಡ್ಡಿಗೆ ಬಿಗಿದು ಮೇಲೆ ಕೆಳಗೆ ಆಡಿಸಿದರೆ ತಂತಿ ಬಳೆಯ ನಡುವೆ ಮುಟ್ಟದೆ ನಿಲ್ಲುತ್ತದೆ, ನೀರು ಚೆನ್ನಾಗಿ ಬೆರೆಯುತ್ತದೆ. ವ್ಯತ್ಯಾಸ ಒಂದು ಡಿಗ್ರಿಗೆ ಇಳಿಯಿತು. ಇಡೀ ಉಪಕರಣದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಭಾಗ ಅದು. ಬಳೆಯ ಒಡತಿ ಬಳೆಯನ್ನು ಇನ್ನೂ ಕೇಳುತ್ತಿದ್ದಾಳೆಂದು ಸುದ್ದಿ.

ಅಳತೆ ಆರಂಭವಾಯಿತು. ಮೂವತ್ತು ಡಿಗ್ರಿಯಿಂದ ಅರವತ್ತೈದರವರೆಗೆ ಮುಳ್ಳು ಅಲುಗಲೇ ಇಲ್ಲವೆನ್ನಬೇಕು. ಆಮೇಲೆ ಎದ್ದ ಹಾಗೆ ಎದ್ದು ಓಡತೊಡಗಿತು. ಎಂಬತ್ತು ದಾಟುವ ಹೊತ್ತಿಗೆ ಐನೂರು ಮಿಲಿಮೀಟರ್ ತಂತಿ ನಾನೂರ ಎಂಬತ್ತೊಂದಕ್ಕೆ ಬಂದಿತ್ತು. ಬಿಸಿಯಾದರೆ ಲೋಹ ಹಿಗ್ಗುತ್ತದೆ ಎಂಬುದನ್ನು ಬಾಯಿಪಾಠ ಮಾಡಿದ ಮಕ್ಕಳ ಕಣ್ಣೆದುರಿಗೆ ಲೋಹ ಕುಗ್ಗಿ, ಅರ್ಧ ಕಿಲೋ ಕಲ್ಲನ್ನು ಎರಡು ಬೆರಳಿನಷ್ಟು ಎತ್ತಿತು. ಆ ಹುಡುಗಿ ಎರಡೆರಡು ಡಿಗ್ರಿಗೊಮ್ಮೆ ಬರೆದುಕೊಂಡಳು. ಆಮೇಲೆ ಕರೆಂಟು ನಿಲ್ಲಿಸಿ, ತಣಿಯುವಾಗಿನ ಅಳತೆಗಳನ್ನು ಪಕ್ಕದ ಸಾಲಿನಲ್ಲಿ ಬರೆಯತೊಡಗಿದಳು.

ಎರಡು ಸಾಲು ಹೊಂದಲಿಲ್ಲ. ಬಿಸಿಯಾಗುವಾಗ ಅರವತ್ತು ಡಿಗ್ರಿಯಲ್ಲಿ ತಂತಿ ಐನೂರು ಮಿಲಿಮೀಟರ್. ತಣಿಯುವಾಗ ಅದೇ ಅರವತ್ತರಲ್ಲಿ ಇನ್ನೂ ನಾನೂರ ಎಂಬತ್ತೊಂದು. ಐವತ್ತೆರಡರ ಹತ್ತಿರ ಬಂದ ಮೇಲೆಯೇ ಅದು ಉದ್ದವಾಗಲು ಮನಸ್ಸು ಮಾಡಿತು. ನಲವತ್ತಕ್ಕೆ ಬರುವ ಹೊತ್ತಿಗೆ ಮೊದಲಿನ ಐನೂರನ್ನು ಮುಟ್ಟಿತು. ಕಾಗದದ ಮೇಲೆ ರೇಖೆ ಎಳೆದರೆ ಹೋದ ದಾರಿ ಒಂದು, ಬಂದ ದಾರಿ ಇನ್ನೊಂದು.

ಪ್ರದರ್ಶನಕ್ಕೆ ಇನ್ನು ಆರು ದಿನ. ಜೊತೆಯ ಹುಡುಗರು ಬುದ್ಧಿವಂತರು. "ತಣಿಯುವ ಸಾಲನ್ನು ಅಳಿಸಿಬಿಡು. ಬಿಸಿಯ ಸಾಲನ್ನೇ ಸ್ವಲ್ಪ ಹೆಚ್ಚುಕಡಿಮೆ ಮಾಡಿ ಬರೆದರಾಯಿತು. ನೋಡುವವರು ಅಳೆದು ನೋಡುತ್ತಾರೆಯೇ?" ಎಂದರು. ಒಂದೇ ಬಿಸಿಗೆ ಎರಡು ಉದ್ದವೆಂದರೆ ತೀರ್ಪುಗಾರರು ನಗುತ್ತಾರೆ ಎಂಬ ಹೆದರಿಕೆ ಅವರದು. ಹೆದರಿಕೆ ಸುಳ್ಳಲ್ಲ, ಕನ್ನಡ ಶಾಲೆಯ ಮಕ್ಕಳೆಂದು ಮೊದಲೇ ಒಂದು ಹಿಡಿ ಕಡಿಮೆ ಅಳೆಯುವವರು ಎಲ್ಲ ಕಡೆಯೂ ಇರುತ್ತಾರೆ. ಹುಡುಗಿ ರಬ್ಬರನ್ನು ಕೈಯಲ್ಲಿ ಹಿಡಿದುಕೊಂಡೇ ನನ್ನ ಹತ್ತಿರ ಬಂದಳು. "ಸಾರ್, ನಾನು ನೋಡಿದ್ದು ಇದನ್ನೇ" ಎಂದಳು. ಕಣ್ಣಲ್ಲಿ ನೀರಿತ್ತು.

ಯಾವುದು ಸರಿಯೆಂದು ಹೇಳುವಷ್ಟು ವಿದ್ಯೆ ನನ್ನಲ್ಲಿರಲಿಲ್ಲ. ಆದರೆ ಹಳೆಯ ತಾಳೆಗರಿಯಲ್ಲಿ ಎರಡು ಪಾಠ ಸಿಕ್ಕಿದಾಗ ಸಂಪಾದಕನಾದವನು ತನಗೆ ಹಿತವಾಗದ್ದನ್ನು ಗೀಚಿ ಹಾಕುವುದಿಲ್ಲ. ಎರಡನ್ನೂ ಇಟ್ಟುಕೊಂಡು ಕಾರಣ ಹುಡುಕುತ್ತಾನೆ. ಅಷ್ಟನ್ನು ಮಾತ್ರ ಕನ್ನಡದಲ್ಲಿ ಕಲಿತಿದ್ದೆ. "ರಬ್ಬರನ್ನು ಡಬ್ಬಿಯಲ್ಲಿಡಮ್ಮ. ಉಪಕರಣ ಸುಳ್ಳು ಹೇಳುತ್ತಿದೆಯೇ ನೋಡೋಣ" ಎಂದೆ.

ಎಲ್ಲರೂ ಸೇರಿ ಸಂಶಯಗಳನ್ನು ಹೊರತೆಗೆದರು. ತಂತಿ ಜಾರಿತೇ? ಬಣ್ಣದ ಚುಕ್ಕೆ ಇಟ್ಟಲ್ಲಿಯೇ ಇತ್ತು. ಬೇಗ ತಣಿಯಲೆಂದು ಹುಡುಗರು ಮೇಲಿನಿಂದ ತಣ್ಣೀರು ಹೊಯ್ದಿದ್ದರಿಂದ ಹೀಗಾಯಿತೇ? ಶನಿವಾರ ಮಧ್ಯಾಹ್ನ ಒಂದಕ್ಕೆ ಮತ್ತೆ ಬಿಸಿ ಮಾಡಿ, ಆಮೇಲೆ ತಾನಾಗಿ ತಣಿಯಲು ಬಿಟ್ಟೆವು. ಸಂಜೆ ಆರೂವರೆಯಾಯಿತು. ಅವಳ ತಂದೆ ಕರೆದೊಯ್ಯಲು ಬಂದವರು ತಾವೇ ಕಡ್ಡಿ ಹಿಡಿದು ಬಳೆಯನ್ನು ಆಡಿಸುತ್ತ ಕುಳಿತರು. ಮತ್ತೆ ಅದೇ ಎರಡು ದಾರಿ. ಹಾಗಾದರೆ ರಾಟೆ ಎಲ್ಲಿಯಾದರೂ ಹಿಡಿಯುತ್ತಿದೆಯೇ? ಇದಕ್ಕೆ ಉಪಾಯ ಹೇಳಿದವಳು ಅವಳೇ: ಇದರ ಜಾಗದಲ್ಲಿ ನೆನಪಿಲ್ಲದ ತಂತಿ ಹಾಕೋಣ ಸಾರ್. ವೈಂಡಿಂಗ್ ಅಂಗಡಿಯಿಂದ ದಪ್ಪನೆಯ ತಾಮ್ರದ ತಂತಿ ತಂದು ಕಟ್ಟಿದೆವು. ಅರವತ್ತು ಡಿಗ್ರಿ ಬಿಸಿ ಹೆಚ್ಚಿದಾಗ ಅರ್ಧ ಮೀಟರ್ ತಾಮ್ರ ಅರ್ಧ ಮಿಲಿಮೀಟರ್ ಹಿಗ್ಗಬೇಕು. ಮುಳ್ಳು ಐದು ಮಿಲಿಮೀಟರ್ ಓಡಬೇಕು. ಓಡಿತು, ತಣಿಯುವಾಗ ಅದೇ ದಾರಿಯಲ್ಲಿ ಹಿಂದಕ್ಕೆ ಬಂತು. ಉಪಕರಣ ನಿಜ ಹೇಳುತ್ತಿತ್ತು. ಎರಡು ದಾರಿ ತಂತಿಯದೇ.

ಆ ರಾತ್ರಿ ಹಳೆಯ ವಿದ್ಯಾರ್ಥಿಗೆ ಫೋನು ಮಾಡಿದೆ. ಅವನು ನಕ್ಕು, "ಸಾರ್, ಅದೇ ಅದರ ಗುಣ. ಅದಕ್ಕೊಂದು ಹೆಸರೇ ಇದೆ" ಎಂದ. ಹಿಸ್ಟರೆಸಿಸ್. 1880ರ ದಶಕದ ಆರಂಭದಲ್ಲಿ ಟೋಕಿಯೋದಲ್ಲಿ ಪಾಠ ಹೇಳುತ್ತಿದ್ದ ಸ್ಕಾಟ್ಲೆಂಡಿನ ಜೇಮ್ಸ್ ಯೂಯಿಂಗ್, ಕಾಂತದ ಪ್ರಯೋಗಗಳಲ್ಲಿ ಇದೇ ಬಗೆಯ ಎರಡು ದಾರಿಗಳನ್ನು ಕಂಡು, 'ಹಿಂದೆ ಬೀಳು' ಎಂಬರ್ಥದ ಗ್ರೀಕ್ ಮಾತಿನಿಂದ ಆ ಪದವನ್ನು ಕಟ್ಟಿದನಂತೆ. 1959ರಲ್ಲಿ, ಅಂದರೆ ಬ್ಯೂಲರನ ವರ್ಷದಲ್ಲೇ, ಸ್ಥಾಪನೆಯಾದ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಶಾಲೆಯಲ್ಲಿ, ಈಗ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್ ಎನ್ನುತ್ತಾರೆ, ಇಂಥ ತಂತಿಗಳಿಗೆ ಭಾರ ಕಟ್ಟಿ ಮತ್ತೆ ಮತ್ತೆ ಕಾಯಿಸಿ ತಣಿಸಿ ಅಧ್ಯಯನ ಮಾಡಿದ್ದಾರೆ. ಅವರ ಯಂತ್ರ ನಮ್ಮದಕ್ಕಿಂತ ಬಹಳ ದೊಡ್ಡದು, ಚುರುಕಿನದು. ಆದರೂ ಕೇಳುವ ಪ್ರಶ್ನೆ ನಮ್ಮ ಕೊಳವೆ ಕೇಳಿದ್ದೇ.

ಇದೇಕೆ ಹೀಗೆ ಎಂದು ಮಕ್ಕಳಿಗೆ ಹೇಳಲು ನಾನು ಆರಿಸಿಕೊಂಡದ್ದು ಬಟ್ಟೆಯನ್ನು. ಒಂದು ಚೌಕದ ಪಂಚೆಯನ್ನು ಎದುರುಬದುರು ಮೂಲೆ ಹಿಡಿದು ಎಳೆಯಿರಿ. ಚೌಕಗಳೆಲ್ಲ ಓರೆಯಾಗುತ್ತವೆ, ಬಟ್ಟೆ ಆ ಕಡೆಗೆ ಉದ್ದವಾಗುತ್ತದೆ. ಆದರೆ ಒಂದು ಎಳೆಯೂ ತನ್ನ ಪಕ್ಕದ ಎಳೆಯನ್ನು ಬಿಟ್ಟಿಲ್ಲ. ತಣ್ಣಗಿರುವ ಈ ಲೋಹದಲ್ಲಿ ಪರಮಾಣುಗಳ ಸಾಲುಗಳು ಹೀಗೆ ಓರೆಯಾಗಿ ನಿಂತಿರುತ್ತವೆ. ಆ ಸ್ಥಿತಿಗೆ ಮಾರ್ಟೆನ್ಸೈಟ್ ಎನ್ನುತ್ತಾರೆ. ಬಿಸಿಯಾದಾಗ ಚೌಕವಾಗಿ ನೆಟ್ಟಗಾಗುತ್ತವೆ, ಅದು ಆಸ್ಟೆನೈಟ್. ನೆರೆಯವರು ಯಾರೂ ಬದಲಾಗಿಲ್ಲವಾದ್ದರಿಂದ ಪ್ರತಿಯೊಂದೂ ತನ್ನ ಹಳೆಯ ಜಾಗಕ್ಕೆ ಮರಳಬಲ್ಲದು. ಸಾಧಾರಣ ಕಬ್ಬಿಣದ ತಂತಿಯನ್ನು ಬಗ್ಗಿಸಿದಾಗ ಸಾಲುಗಳು ಒಂದರ ಮೇಲೊಂದು ಜಾರಿ ನೆರೆಹೊರೆಯೇ ಬೇರೆಯಾಗಿಬಿಡುತ್ತದೆ. ಎಷ್ಟು ಕಾಯಿಸಿದರೂ ಹಿಂದಿನ ಆಕಾರ ಬಾರದು. ಇನ್ನು ಓರೆಯ ಭಾಗಕ್ಕೂ ಚೌಕದ ಭಾಗಕ್ಕೂ ನಡುವಿನ ಗಡಿ ಸರಿಯುವಾಗ ಒಂದು ಬಗೆಯ ತಿಕ್ಕಾಟವಿದೆ. ಅದನ್ನು ಮೀರಲು ಏರುವಾಗ ಸ್ವಲ್ಪ ಹೆಚ್ಚು ಬಿಸಿ ಬೇಕು, ಇಳಿಯುವಾಗ ಸ್ವಲ್ಪ ಹೆಚ್ಚು ತಂಪು ಬೇಕು. ಹಾಗಾಗಿ ದಾರಿ ಎರಡು. ಹುಡುಗಿಯ ತಂದೆಗೆ ಇದು ನಮಗಿಂತ ಬೇಗ ಅರ್ಥವಾಯಿತು. ಬೋರ್ಡಿನ ಮೇಲೆ ನಾನು ಬರೆದ ಓರೆ ಚೌಕ ಸರಿಯಾಗಿಲ್ಲವೆಂದು ಅವರೇ ಎದ್ದು ತಿದ್ದಿದರು.

ಹಿಸ್ಟರೆಸಿಸ್‌ಗೆ ಕನ್ನಡದಲ್ಲಿ ಏನನ್ನೋಣ ಎಂಬ ಚರ್ಚೆ ಎರಡು ದಿನ ನಡೆಯಿತು. ನಾನು ಸೂಚಿಸಿದ ಸಂಸ್ಕೃತದ ಪದ ಮಕ್ಕಳ ಬಾಯಲ್ಲಿ ತಿರುಗಲಿಲ್ಲ. ಅವರು ತಮ್ಮೊಳಗೇ 'ಹಿಂಬೀಳಿಕೆ' ಎಂದು ಆಡಿಕೊಳ್ಳುತ್ತಿದ್ದರು. ಅದನ್ನೇ ಬರೆಯಿರಿ ಎಂದೆ. ನೆನಪಿಗೆ ಮಾತ್ರ ಜಗಳವಿರಲಿಲ್ಲ. ತಮಿಳಿನ 'ನಿನೈವು' ನಮ್ಮ 'ನೆನಪು' ಒಂದೇ ಬೇರಿನವು, ಪ್ರದರ್ಶನಕ್ಕೆ ಬರುವ ಎಲ್ಲರಿಗೂ ತಿಳಿಯುತ್ತದೆ.

ಪ್ರದರ್ಶನದ ದಿನ ಅವಳು ಎರಡು ರೇಖೆಗಳನ್ನೂ ಕೆಂಪು ನೀಲಿಯಲ್ಲಿ ದೊಡ್ಡದಾಗಿ ಬರೆದು ತೂಗುಹಾಕಿದಳು. ಪಕ್ಕದಲ್ಲಿ ತಾಮ್ರದ ತಂತಿಯ ಒಂಟಿ ರೇಖೆ. ತೀರ್ಪುಗಾರರಲ್ಲಿ ಒಬ್ಬರು ಕೇಳಿಯೇ ಕೇಳಿದರು, "ಇದೇನಮ್ಮಾ, ಒಂದೇ ಬಿಸಿಗೆ ಎರಡು ಉತ್ತರ?" ಅವಳು ತಮಿಳಿನಲ್ಲಿ ಆರಂಭಿಸಿ ನಡುವೆ ಕನ್ನಡಕ್ಕೆ ಜಾರಿ ಮತ್ತೆ ತಮಿಳಿಗೆ ಬಂದು, ಚುಕ್ಕೆ, ರಾಟೆ, ತಾಮ್ರ ಎಲ್ಲವನ್ನೂ ಹೇಳಿದಳು. ಅವರು ಬೇರೇನೂ ಕೇಳದೆ ಅವಳ ನೋಟ್‌ಬುಕ್ಕನ್ನು ಮೊದಲ ಪುಟದಿಂದ ತಿರುವಿಹಾಕುತ್ತ ಬಹಳ ಹೊತ್ತು ನಿಂತರು. ಬಹುಮಾನ ಬೇರೊಂದು ಶಾಲೆಗೆ ಹೋಯಿತು. ಆ ಶಾಲೆಯ ಮಕ್ಕಳ ಉಪಕರಣವೂ ಚೆನ್ನಾಗಿತ್ತು, ದೀಪಗಳು ಬಹಳ ಇದ್ದವು.

ಹಲವು ಪೋಷಕರು ನನ್ನನ್ನು ಕೇಳಿದ್ದುಂಟು: ಇದರಿಂದ ಉಪಯೋಗವೇನು? ಹೃದಯದ ರೋಗಿಗಳ ರಕ್ತನಾಳಗಳನ್ನು ತೆರೆದಿಡುವ ಜಾಲರಿಗಳ ಪೈಕಿ ತಾನಾಗಿ ಅರಳುವ ಕೆಲವು ಇದೇ ಲೋಹದವು. ಹಲ್ಲು ಸಾಲು ಮಾಡುವ ವೈದ್ಯರು ಬಿಗಿಯುವ ತಂತಿಯಲ್ಲಿಯೂ ಇದು ಉಂಟು. 1970ರ ದಶಕದಲ್ಲಿ ಅಮೆರಿಕದ ಎಫ್-14 ವಿಮಾನದ ಎಣ್ಣೆಯ ಕೊಳವೆಗಳನ್ನು ಇದರ ಉಂಗುರಗಳಿಂದ ಜೋಡಿಸಿದ್ದರು. ಬಹಳ ತಣ್ಣಗೆ ಮಾಡಿ ಅಗಲಿಸಿ ತೊಡಿಸಿದರೆ ಹೊರಗಿನ ಬಿಸಿಗೆ ತಾನೇ ಬಿಗಿದುಕೊಳ್ಳುತ್ತದೆ. ಹೀಗೆ ನಂಬಿ ಬಿಗಿಯುವ ಮುಂಚೆ, ಎಷ್ಟು ಬಿಸಿಗೆ ಬಿಗಿಯುತ್ತದೆ, ಎಷ್ಟು ತಂಪಿಗೆ ಸಡಿಲುತ್ತದೆ ಎಂಬ ಎರಡು ಲೆಕ್ಕವನ್ನೂ ಯಾರೋ ಕುಳಿತು ಅಳೆದಿರಬೇಕಲ್ಲ. ಅವರು ಒಂದು ಸಾಲನ್ನು ಅಳಿಸಿದ್ದರೆ ವಿಮಾನದ ಗತಿ ಏನು?

ಕೊಳವೆ ಈಗ ಪ್ರಯೋಗಶಾಲೆಯ ಕಿಟಕಿಯ ಬಳಿ ಇದೆ. ಮುಚ್ಚಳದ ಹತ್ತಿರ ಸ್ವಲ್ಪ ಜಿನುಗುವುದರಿಂದ ಕೆಳಗೊಂದು ತಟ್ಟೆ ಇಟ್ಟಿದ್ದಾರೆ. ಈವರೆಗೆ ಇಪ್ಪತ್ತಮೂರು ಸಲ ಕಾಯಿಸಿ ತಣಿಸಿದ ತಂತಿ ಒಟ್ಟಾರೆ ಒಂದು ಮಿಲಿಮೀಟರ್ ಉದ್ದವಾಗಿದೆ. ಅದರ ನೆನಪೂ ಮಾಸುತ್ತದೆಯೇ ಎಂದು ಈ ವರ್ಷದ ಮಕ್ಕಳು ನೋಡುತ್ತಿದ್ದಾರೆ. ಏಳುನೂರು ಗ್ರಾಂ ಕಟ್ಟಿದರೆ ಇನ್ನೂ ಹೆಚ್ಚು ಬಿಸಿಗೆ ಎಳೆದುಕೊಳ್ಳುತ್ತದೆಂದು ವಿಜ್ಞಾನದ ಮೇಷ್ಟರು ಹೇಳಿದ್ದಾರೆ. ಎಷ್ಟು ಡಿಗ್ರಿ ಹೆಚ್ಚು ಎಂಬುದನ್ನು ಬೇಕೆಂದೇ ಹೇಳಿಲ್ಲ. ಪ್ರತಿ ತಿಂಗಳ ಎರಡನೆಯ ಶನಿವಾರ ಮಧ್ಯಾಹ್ನ ಒಂದು ಗಂಟೆಗೆ ಕರೆಂಟು ಹಾಕುತ್ತಾರೆ. ನೋಡಬಯಸುವ ಪೋಷಕರು ಬರಬಹುದು. ಬರುವವರು ಸಂಜೆ ಆರೂವರೆಯವರೆಗೆ ಬಿಡುವು ಮಾಡಿಕೊಂಡು ಬರಬೇಕು, ಬಳೆಯನ್ನು ಆಡಿಸಲು ಒಂದು ಸರದಿಯನ್ನೂ ಒಪ್ಪಿಕೊಳ್ಳಬೇಕು.